ಕಾಣದ ನಾಟಕಕ್ಕೆ ಪ್ರಶಸ್ತಿ: ಟೋನಿ, ಸಿನಿಮಾ, ಟೀವಿಗಳ ಕೊಡುಕೊಳ್ಳುವ ಲೆಕ್ಕ

2025ರ ಜೂನ್ 8, ಭಾನುವಾರ. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಾಂ ಇಟ್ಟುಕೊಂಡು ಎದ್ದೆ. ಎಲ್ಲಿಗೋ ಬಸ್ಸು ಹಿಡಿಯೋದಿದೆ ಅಂತ ಮನೆಯವರು ಅಂದುಕೊಂಡರು. ನನಗಿದ್ದದ್ದು ನಾಟಕ. ನ್ಯೂಯಾರ್ಕಿನಲ್ಲಿ ಆಗ ಶನಿವಾರ ಸಂಜೆ ಏಳು ಗಂಟೆ. ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ ಹಾಲಿವುಡ್ ನಟ ಜಾರ್ಜ್ ಕ್ಲೂನಿ ರಂಗದ ಮೇಲೆ ಬರುವವರಿದ್ದರು. ಅದನ್ನು ಸಿಎನ್‌ಎನ್ ನೇರಪ್ರಸಾರ ಮಾಡುತ್ತಿತ್ತು. ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ನಾಟಕವನ್ನು ಅದು ನಡೆಯುವ ಹೊತ್ತಿಗೇ ಬೆಂಗಳೂರಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ನೋಡುವುದು ನನ್ನಂಥ ನಾಟಕದ ಹುಚ್ಚಿನವರಿಗೆ ಸಣ್ಣ ಮಾತಲ್ಲ.

ನಾಟಕದ ಹೆಸರು ‘ಗುಡ್ ನೈಟ್, ಅಂಡ್ ಗುಡ್ ಲಕ್’. 1950ರ ದಶಕದ ಟೀವಿ ಪತ್ರಕರ್ತ ಎಡ್ವರ್ಡ್ ಮರೋ ಅವರ ಕಥೆ. ಮರೋ ಕೆಲಸ ಮಾಡುತ್ತಿದ್ದದ್ದು ಸಿಬಿಎಸ್ ಚಾನೆಲ್‌ನಲ್ಲಿ. 2005ರಲ್ಲಿ ಕ್ಲೂನಿ ಇದನ್ನು ಸಿನಿಮಾ ಮಾಡಿದರು. ಇಪ್ಪತ್ತು ವರ್ಷದ ಮೇಲೆ ಆ ಸಿನಿಮಾ ನಾಟಕವಾಯಿತು. ಆ ನಾಟಕ ಮತ್ತೆ ಟೀವಿಗೆ ಬಂತು. ಮಾರನೇ ದಿನ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯ ಸಮಾರಂಭ. ಅದನ್ನು ಪ್ರಸಾರ ಮಾಡಿದ್ದು ಯಾವ ಚಾನೆಲ್ ಗೊತ್ತಾ? ಅದೇ ಸಿಬಿಎಸ್. ಟೀವಿಯಿಂದ ಸಿನಿಮಾ, ಸಿನಿಮಾದಿಂದ ರಂಗ, ರಂಗದಿಂದ ತಿರುಗಿ ಟೀವಿ. ಗಾಣದ ಎತ್ತಿನ ಹಾಗೆ ಕಥೆ ಒಂದು ಸುತ್ತು ಬಂದು ನಿಂತಿತ್ತು.

ಬ್ರಾಡ್‌ವೇ ಬಗ್ಗೆ ಮಾತು ಬಂದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ. ಸಿನಿಮಾದವರು ಬಂದು ರಂಗಭೂಮಿ ಕೆಡಿಸಿದರು, ಟೀವಿ ಸ್ಟಾರ್‌ಗಳಿಗೇ ಪ್ರಶಸ್ತಿ ಹೋಗುತ್ತದೆ, ಹಳೆ ಸಿನಿಮಾಗಳನ್ನೇ ಹಾಡು ಸೇರಿಸಿ ಮಾರುತ್ತಾರೆ ಎಂದು. ನನಗೆ ಈ ದೂರು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಪರದೆಯಿಂದ ರಂಗಕ್ಕೆ ಬರುವುದು ಜಾಸ್ತಿಯಾಗಿದೆ, ನಿಜ. ಆದರೆ ನಿಜವಾದ ತೊಂದರೆ ಇರುವುದು ರಂಗದಿಂದ ಪರದೆಗೆ ಹೋಗುವುದು ತೀರಾ ಕಡಿಮೆ ಇರುವುದರಲ್ಲಿ. ಮುಖಗಳನ್ನು ತಂದುಕೊಳ್ಳುತ್ತಾರೆ, ಕಥೆಗಳನ್ನು ತಂದುಕೊಳ್ಳುತ್ತಾರೆ. ಮಾಡಿದ ನಾಟಕವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಟೋನಿ ಪ್ರಶಸ್ತಿಯ ಅರ್ಧ ಜಗಳ ಹುಟ್ಟುವುದೇ ಇಲ್ಲಿಂದ.

ಮೊದಲು ಟೋನಿ ಅಂದರೆ ಏನು ಎಂದು ಬೇಗ ಹೇಳಿಬಿಡುತ್ತೇನೆ. ಆಂಟಾಯ್ನೆಟ್ ಪೆರಿ ಎಂಬ ನಟಿ, ನಿರ್ದೇಶಕಿ ಇದ್ದರು. ಅಮೆರಿಕನ್ ಥಿಯೇಟರ್ ವಿಂಗ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಅವರು 1946ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನಲ್ಲಿ ಈ ಪ್ರಶಸ್ತಿ ಶುರುವಾಯಿತು. ಇಡೀ ಅಮೆರಿಕ ಟೀವಿಯಲ್ಲಿ ನೋಡಲು ಶುರು ಮಾಡಿದ್ದು 1967ರಿಂದ. ಇದು ಬ್ರಾಡ್‌ವೇ ಥಿಯೇಟರ್‌ಗಳಿಗೆ ಮಾತ್ರ ಮೀಸಲು. ಅಂಥವು 41 ಇವೆ, ಎಲ್ಲ ಮ್ಯಾನ್‌ಹಟನ್‌ನಲ್ಲೇ, ಬಹುಪಾಲು ಟೈಮ್ಸ್ ಸ್ಕ್ವೇರ್ ಸುತ್ತಮುತ್ತ. ಕಡಿಮೆ ಅಂದರೂ 500 ಸೀಟು ಇರಬೇಕು. 300 ಸೀಟಿನ ಥಿಯೇಟರಿನಲ್ಲಿ ಎಷ್ಟು ಅದ್ಭುತ ನಾಟಕ ಆಡಿದರೂ ಅದು ಸ್ಪರ್ಧೆಗೇ ಬರುವುದಿಲ್ಲ.

ಆದ್ದರಿಂದ ಟೋನಿ ಎಂದರೆ ಅಮೆರಿಕದ ರಂಗಭೂಮಿಯ ಪ್ರಶಸ್ತಿ ಅಂದುಕೊಳ್ಳಬಾರದು. ಅದು ಒಂದು ಬಡಾವಣೆಯ ಪ್ರಶಸ್ತಿ. ನಮ್ಮ ಗಿರೀಶ ಕಾರ್ನಾಡರ ‘ನಾಗಮಂಡಲ’ 1993ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಮಟ್ಟದಲ್ಲಿ ಪ್ರಯೋಗವಾಯಿತು. ಆಡಿದ್ದು ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್. ಬ್ರಾಡ್‌ವೇಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹಾಗಾಗಿ ಆ ಪ್ರಯೋಗಕ್ಕೆ ಟೋನಿಯ ಮಾತೇ ಬರಲಿಲ್ಲ. ಹೊರಗಿನ ರಂಗಮಂದಿರಗಳಿಗೆಂದು ಟೋನಿಯವರು ಬೇರೆ ಒಂದು ಗೌರವ ಇಟ್ಟಿದ್ದಾರೆ, ಗತ್ರಿಗೆ ಅದು 1982ರಲ್ಲೇ ಸಿಕ್ಕಿತ್ತು. ಅದು ಸಂಸ್ಥೆಗೆ ಸಲ್ಲುವ ಗೌರವ, ನಾಟಕಕ್ಕಲ್ಲ.

ಈಗ ಲೆಕ್ಕಕ್ಕೆ ಬರೋಣ. 2025ರಲ್ಲಿ ಅತ್ಯುತ್ತಮ ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ಆಗಿದ್ದು ‘ಮೇಬಿ ಹ್ಯಾಪಿ ಎಂಡಿಂಗ್’. ಒಟ್ಟು ಆರು ಟೋನಿ. ಬಳಸಿ ಬಿಟ್ಟ ಎರಡು ರೋಬಾಟ್‌ಗಳ ನಡುವಿನ ಪ್ರೀತಿಯ ಕಥೆ. ಮೊದಲು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಆಡಿದ ನಾಟಕ ಇದು. ನ್ಯೂಯಾರ್ಕಿನಲ್ಲಿ ಬೆಲಾಸ್ಕೊ ಥಿಯೇಟರಿನಲ್ಲಿ ನಡೆಯಿತು. ಅಲ್ಲಿ ಸುಮಾರು 1,000 ಸೀಟು. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಶೋ. 2024ರ ಅಕ್ಟೋಬರ್‌ನಿಂದ ಟೋನಿ ರಾತ್ರಿಯವರೆಗೆ ಪ್ರತಿ ಶೋ ಹೌಸ್‌ಫುಲ್ ಅಂದುಕೊಂಡರೂ ನೋಡಿದವರು ಮೂರು ಲಕ್ಷ ದಾಟುವುದಿಲ್ಲ. ನಿಜದಲ್ಲಿ ಇನ್ನೂ ಕಡಿಮೆ, ಏಕೆಂದರೆ ಶುರುವಿನಲ್ಲಿ ಟಿಕೆಟ್ ಮಾರಾಟ ಮಂದವಾಗಿತ್ತು. ಬಾಯಿಂದ ಬಾಯಿಗೆ ಸುದ್ದಿ ಹರಡಿದ ಮೇಲೆ ಜನ ಬಂದರು. ಆ ವರ್ಷ ಟೋನಿ ಸಮಾರಂಭವನ್ನು ಟೀವಿಯಲ್ಲಿ ನೋಡಿದವರು ಸುಮಾರು 48.5 ಲಕ್ಷ. ಅಂದರೆ ಹದಿನಾರು ಜನ ಚಪ್ಪಾಳೆ ತಟ್ಟಿದರೆ ಅದರಲ್ಲಿ ಹದಿನೈದು ಜನ ಆ ನಾಟಕ ನೋಡಿಯೇ ಇಲ್ಲ.

ಆಸ್ಕರ್‌ನಲ್ಲಿ ಹೀಗಾಗುವುದಿಲ್ಲ. ಯಾವುದೋ ಸಣ್ಣ ಸಿನಿಮಾಕ್ಕೆ ಆಸ್ಕರ್ ಬಂದರೆ ಮುಂದಿನ ವಾರ ಮನೆಯಲ್ಲೇ ಕೂತು ನೋಡಿ, ‘ಅಯ್ಯೋ ಇದಕ್ಕಾ ಕೊಟ್ಟಿದ್ದು’ ಅಂತ ಬೈಯಬಹುದು. ಟೀವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿಯೂ ಅಷ್ಟೆ. ಟೋನಿ ಹಾಗಲ್ಲ. ನ್ಯೂಯಾರ್ಕಿಗೆ ಹೋಗಬೇಕು, ದುಡ್ಡು ಕೊಡಬೇಕು, ಆ ನಾಟಕ ಇನ್ನೂ ನಡೆಯುತ್ತಿರಬೇಕು, ಆ ನಟ ಅವತ್ತು ರಜೆ ಹಾಕಿರಬಾರದು. ಇಷ್ಟೆಲ್ಲ ಕೂಡಿಬಂದರೆ ನಿಮಗೆ ಅಭಿಪ್ರಾಯ ಹೇಳುವ ಹಕ್ಕು. ಉಳಿದವರದ್ದೆಲ್ಲ ಅಂತೆಕಂತೆ.

ಆ ವರ್ಷವೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಮ್ಯೂಸಿಕಲ್‌ನ ಅತ್ಯುತ್ತಮ ನಟಿ ಯಾರು ಎಂಬ ಜಗಳ. ಒಂದು ಕಡೆ ‘ಜಿಪ್ಸಿ’ಯ ಆಡ್ರಾ ಮೆಕ್‌ಡೊನಾಲ್ಡ್. ಆಗಲೇ ಆರು ಟೋನಿ ಗೆದ್ದವರು. ನಟನೆಗೆ ಇಷ್ಟು ಟೋನಿ ಗೆದ್ದವರು ಇನ್ನೊಬ್ಬರಿಲ್ಲ. ಇನ್ನೊಂದು ಕಡೆ ‘ಸನ್‌ಸೆಟ್ ಬುಲೆವಾರ್ಡ್’ನ ನಿಕೋಲ್ ಶೆರ್ಜಿಂಗರ್, ಪಾಪ್ ಗಾಯಕಿ. ಗೆದ್ದದ್ದು ನಿಕೋಲ್. ಆಡ್ರಾ ಅಭಿಮಾನಿಗಳು ಸಿಡಿದೆದ್ದರು. ಇಬ್ಬರೂ ಸಮಾರಂಭದಲ್ಲಿ ಒಂದೊಂದು ಹಾಡು ಹಾಡಿದ್ದರು. ನಾನೂ ಆ ಎರಡು ತುಣುಕುಗಳನ್ನು ಯೂಟ್ಯೂಬಿನಲ್ಲಿ ಮೂರು ಮೂರು ಸಲ ನೋಡಿದೆ. ಆಡ್ರಾ ಹಾಡಿದ ರೀತಿಗೆ ಮೈ ಜುಮ್ಮೆಂದಿತು. ಅವರಿಗೇ ಕೊಡಬೇಕಿತ್ತು ಅಂತ ನಾನೂ ಒಂದಿಷ್ಟು ಜನರ ಹತ್ತಿರ ವಾದ ಮಾಡಿದೆ. ಆಮೇಲೆ ನಾಚಿಕೆಯಾಯಿತು. ಎರಡೂವರೆ ಗಂಟೆಯ ಎರಡು ನಾಟಕಗಳಲ್ಲಿ ನಾನು ನೋಡಿದ್ದು ತಲಾ ಐದು ನಿಮಿಷ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು, ಸರಿ. ಊಟ ಹೇಗಿತ್ತು ಅಂತ ಹೇಳಲು ಅಷ್ಟು ಸಾಲದು ಅಲ್ವಾ? ಅದೂ ಅಲ್ಲದೆ, ಆ ಹಾಡುಗಳನ್ನು ನಾವು ನೋಡುವ ಹೊತ್ತಿಗೆ ಮತದಾನ ಮುಗಿದು ಹೋಗಿರುತ್ತದೆ.

ಹಾಗಾದರೆ ನಿಜವಾಗಿ ನೋಡಿ ಮತ ಹಾಕುವವರು ಯಾರು? ಎಂಟುನೂರಕ್ಕಿಂತ ಸ್ವಲ್ಪ ಜಾಸ್ತಿ ಜನ. ನಟರು, ನಿರ್ದೇಶಕರು, ವಿನ್ಯಾಸಕಾರರು ಇದ್ದಾರೆ. ಜೊತೆಗೆ ನಿರ್ಮಾಪಕರು, ಥಿಯೇಟರ್ ಮಾಲೀಕರು ಮತ್ತು ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಬ್ರಾಡ್‌ವೇ ನಾಟಕಗಳನ್ನು ಕರೆಸಿ ಆಡಿಸುವವರೂ ಇದ್ದಾರೆ. ಒಂದು ವಿಭಾಗದಲ್ಲಿ ಮತ ಹಾಕಬೇಕಾದರೆ ಅದರಲ್ಲಿರುವ ಎಲ್ಲ ನಾಟಕಗಳನ್ನೂ ನೋಡಿರಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಕೊನೆಯ ಗುಂಪನ್ನು ನೋಡಿ. ಯಾವ ನಾಟಕ ತಮ್ಮ ಊರಿಗೆ ಬಂದರೆ ಟಿಕೆಟ್ ಹೋಗುತ್ತದೆ ಎಂಬುದು ಅವರ ಹೊಟ್ಟೆಪಾಡು. ಅವರ ಕೈಯಲ್ಲೇ ಮತಪತ್ರ.

2004ರ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆ ವರ್ಷ ‘ವಿಕೆಡ್’ ದೊಡ್ಡ ಬಂಡವಾಳದ, ದೊಡ್ಡ ರಂಗಸಜ್ಜಿಕೆಯ ಮ್ಯೂಸಿಕಲ್. ಎದುರಿಗೆ ‘ಅವೆನ್ಯೂ ಕ್ಯೂ’, ಬೊಂಬೆಗಳನ್ನು ಇಟ್ಟುಕೊಂಡು ಮಾಡಿದ ಚಿಕ್ಕ, ತುಂಟ ನಾಟಕ. ಈ ಚಿಕ್ಕ ನಾಟಕದವರು ಮತದಾರರ ಮುಂದೆ ‘ನಿಮ್ಮ ಮನಸ್ಸಿಗೆ ಮತ ಹಾಕಿ’ ಎಂದು ಪ್ರಚಾರ ಮಾಡಿದರು. ಗೆದ್ದೂ ಬಿಟ್ಟರು. ಗೆದ್ದ ಸ್ವಲ್ಪ ದಿನಕ್ಕೇ ಊರೂರು ತಿರುಗುವುದನ್ನು ಬಿಟ್ಟು ಲಾಸ್ ವೇಗಸ್‌ನಲ್ಲಿ ನೆಲೆ ಊರುವ ಒಪ್ಪಂದ ಮಾಡಿಕೊಂಡರು. ನಮ್ಮೂರಿಗೆ ಬರುತ್ತೆ ಅಂತ ನಂಬಿ ಮತ ಹಾಕಿದವರು ಕೆಂಡವಾದರು. ಆ ವೇಗಸ್ ಸಾಹಸ ಒಂದು ವರ್ಷವೂ ನೆಟ್ಟಗೆ ನಡೆಯಲಿಲ್ಲ ಎಂಬುದು ಬೇರೆ ಮಾತು.

ಸೋತ ‘ವಿಕೆಡ್’ ಏನಾಯಿತು? 2003ರ ಅಕ್ಟೋಬರ್‌ನಲ್ಲಿ ಗರ್ಶ್ವಿನ್ ಥಿಯೇಟರಿನಲ್ಲಿ ಶುರುವಾದದ್ದು ಇಂದಿಗೂ ನಡೆಯುತ್ತಿದೆ. 2024ರ ನವೆಂಬರ್‌ನಲ್ಲಿ ಅದರ ಮೊದಲ ಭಾಗ ಸಿನಿಮಾ ಆಯಿತು. ಹತ್ತು ಆಸ್ಕರ್ ನಾಮನಿರ್ದೇಶನ, ಎರಡು ಆಸ್ಕರ್. ಪರದೆಯ ಮೇಲೆ ನೋಡಿದ ಮೇಲೆ ರಂಗದ ಮೇಲೆ ಯಾರು ನೋಡುತ್ತಾರೆ ಎಂಬ ಭಯ ಹಳೆಯದು. ಆಗಿದ್ದು ಉಲ್ಟಾ. ಆ ಡಿಸೆಂಬರ್ ಕೊನೆಯಲ್ಲಿ ಬ್ರಾಡ್‌ವೇಯ ‘ವಿಕೆಡ್’ ಒಂದೇ ವಾರದಲ್ಲಿ 50 ಲಕ್ಷ ಡಾಲರ್ ದಾಟಿಸಿತು. ಬ್ರಾಡ್‌ವೇ ಇತಿಹಾಸದಲ್ಲಿ ಅದಕ್ಕೂ ಮುಂಚೆ ಯಾವ ನಾಟಕವೂ ಅಷ್ಟು ಗಳಿಸಿರಲಿಲ್ಲ. ಸಿನಿಮಾ ನೋಡಿದವರು ‘ಇದನ್ನು ಎದುರಿಗೇ ನೋಡೋಣ’ ಅಂತ ಬಂದಿದ್ದರು.

ಟೋನಿ ಕೈಬಿಟ್ಟದ್ದನ್ನು ಕಾಲ ಕೈಹಿಡಿದ ಇನ್ನೊಂದು ಕಥೆ ‘ಶಿಕಾಗೊ’. 1976ರ ಟೋನಿಯಲ್ಲಿ ಅದಕ್ಕೆ 11 ನಾಮನಿರ್ದೇಶನ, ಒಂದೂ ಪ್ರಶಸ್ತಿ ಇಲ್ಲ. ಆ ವರ್ಷವೆಲ್ಲ ‘ಎ ಕೋರಸ್ ಲೈನ್’ ಹವಾ, ಒಂಬತ್ತು ಟೋನಿ ಅದಕ್ಕೆ. ಆಮೇಲೆ? 1996ರಲ್ಲಿ ಮತ್ತೆ ಕಟ್ಟಿದ ‘ಶಿಕಾಗೊ’ ಇನ್ನೂ ನಿಂತಿಲ್ಲ. ಅದರ ಸಿನಿಮಾ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ‘ಎ ಕೋರಸ್ ಲೈನ್’ ಸಿನಿಮಾ 1985ರಲ್ಲಿ ಬಂದು ಮಕಾಡೆ ಮಲಗಿತು. ಇದರಿಂದ ಟೋನಿ ತಪ್ಪು ಮಾಡಿತು ಎಂದು ನಾನು ಹೇಳುವುದಿಲ್ಲ. 1975ರಲ್ಲಿ ಆ ಎರಡೂ ನಾಟಕ ನೋಡಿದವರಿಗೆ ಏನು ಅನ್ನಿಸಿತೋ ಅದಕ್ಕೆ ಮತ ಹಾಕಿದರು. ಆ ಸಂಜೆಗಳು ಈಗ ಇಲ್ಲ, ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಸಿನಿಮಾಗಳು ಮಾತ್ರ. ಆದ್ದರಿಂದ ಸಿನಿಮಾದ ತೀರ್ಪೇ ನಾಟಕದ ತೀರ್ಪು ಅಂತ ಆಗಿಬಿಡುತ್ತದೆ.

ಮತ್ತೆ, ಸಿನಿಮಾ ಅಂದರೆ ನಾಟಕ ಅಲ್ಲವೇ ಅಲ್ಲ. ಇದನ್ನು ಜೂಲಿ ಆಂಡ್ರ್ಯೂಸ್ ಅವರನ್ನು ಕೇಳಬೇಕು. 1956ರಿಂದ ಬ್ರಾಡ್‌ವೇಯಲ್ಲಿ ‘ಮೈ ಫೇರ್ ಲೇಡಿ’ಯ ನಾಯಕಿ ಎಲೈಜಾ ಎಂದರೆ ಅವರೇ. ಸಿನಿಮಾ ಮಾಡುವಾಗ ಇನ್ನೂ ದೊಡ್ಡ ಹೆಸರು ಬೇಕು ಅಂತ ಆಡ್ರಿ ಹೆಪ್‌ಬರ್ನ್ ಅವರನ್ನು ಹಾಕಿಕೊಂಡರು. ಹಾಡಿನ ಬಹುಪಾಲು ದನಿ ಮಾರ್ನಿ ನಿಕ್ಸನ್ ಅವರದು. 1964ರ ಆ ಸಿನಿಮಾಕ್ಕೆ ಎಂಟು ಆಸ್ಕರ್ ಬಂತು, ಆಡ್ರಿಗೆ ನಾಮನಿರ್ದೇಶನ ಕೂಡ ಇಲ್ಲ. ಅತ್ಯುತ್ತಮ ನಟಿ ಆಸ್ಕರ್ ಹೋದದ್ದು ಜೂಲಿಗೆ, ‘ಮೇರಿ ಪಾಪಿನ್ಸ್’ ಎಂಬ ಬೇರೆ ಸಿನಿಮಾಕ್ಕೆ! ಆದರೆ ಜೂಲಿಯ ಎಲೈಜಾ ಹೇಗಿತ್ತು ಎಂದು ನಾವು ಪೂರ್ತಿ ನೋಡಲು ಸಾಧ್ಯವೇ ಇಲ್ಲ. ಹಾಡಿನ ರೆಕಾರ್ಡ್ ಇದೆ, ಟೀವಿಯಲ್ಲಿ ಬಂದ ಒಂದೆರಡು ತುಣುಕು ಇದೆ. ಅಷ್ಟೇ.

ಅದೇ ಜೂಲಿ 1996ರಲ್ಲಿ ‘ವಿಕ್ಟರ್/ವಿಕ್ಟೋರಿಯಾ’ ಮ್ಯೂಸಿಕಲ್‌ನಲ್ಲಿ ನಟಿಸಿದಾಗ ಇಡೀ ತಂಡದಲ್ಲಿ ಅವರೊಬ್ಬರಿಗೆ ಮಾತ್ರ ಟೋನಿ ನಾಮನಿರ್ದೇಶನ ಬಂತು. ಪ್ರದರ್ಶನ ಮುಗಿದ ಮೇಲೆ ರಂಗದ ಮೇಲೆಯೇ ನಿಂತು, ಕಡೆಗಣಿಸಲಾದ ನನ್ನ ತಂಡದವರ ಜೊತೆಗೇ ಇರುತ್ತೇನೆ ಎಂದು ಹೇಳಿ ಅದನ್ನು ಬೇಡ ಅಂದರು. ನನಗೆ ಟೋನಿ ಇತಿಹಾಸದಲ್ಲೇ ಅತ್ಯಂತ ಇಷ್ಟವಾದ ಗಳಿಗೆ ಇದು. ನಾಟಕ ಕಟ್ಟುವುದು ತಂಡ. ಆದರೆ ಟೋನಿಯಲ್ಲಿ ಇಡೀ ತಂಡದ ನಟನೆಗೆ ಒಂದು ವಿಭಾಗ ಇವತ್ತಿಗೂ ಇಲ್ಲ.

ಈಗ ಸ್ಟಾರ್‌ಗಳ ವಿಷಯ. 2025ರ ವಸಂತದಲ್ಲಿ ಡೆನ್ಜೆಲ್ ವಾಷಿಂಗ್ಟನ್ ಮತ್ತು ಜೇಕ್ ಜಿಲೆನ್‌ಹಾಲ್ ‘ಒಥೆಲೊ’ ಆಡಿದರು. ಒಳ್ಳೆಯ ಸೀಟಿಗೆ 921 ಡಾಲರ್. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 80 ಸಾವಿರ ರೂಪಾಯಿ. ಶೇಕ್ಸ್‌ಪಿಯರ್ ತನ್ನ ಕಾಲದಲ್ಲಿ ಒಂದು ಪೆನ್ನಿ ಕೊಟ್ಟು ನೆಲದಲ್ಲಿ ನಿಂತು ನೋಡುವವರಿಗೂ ಬರೆದಿದ್ದ, ಪಾಪ. ಕ್ಲೂನಿ ನಾಟಕವೂ ಕಡಿಮೆ ಇರಲಿಲ್ಲ, ಕೊನೆ ಕೊನೆಗೆ ವಾರದ ಗಳಿಕೆ 40 ಲಕ್ಷ ಡಾಲರ್ ದಾಟಿತು. ಹಾಡು ಕುಣಿತ ಇಲ್ಲದ ನಾಟಕಕ್ಕೆ ಅದು ದಾಖಲೆ.

ಹಾಗಾದರೆ ಟೋನಿ ಮತದಾರರು ಸ್ಟಾರ್‌ಗಳಿಗೆ ಮಾರುಹೋದರಾ? ಇಲ್ಲ. ‘ಒಥೆಲೊ’ಗೆ ಒಂದೇ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಕ್ಲೂನಿಗೆ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಇಲ್ಲ. ಅವರನ್ನು ಸೋಲಿಸಿದ್ದು ಕೋಲ್ ಎಸ್ಕೋಲಾ. ಸಿನಿಮಾದ ದೊಡ್ಡ ಹೆಸರಲ್ಲ. ‘ಓ, ಮೇರಿ!’ ಎಂಬ ತಲೆಹರಟೆ ಹಾಸ್ಯ ನಾಟಕವನ್ನು ಬರೆದು, ಅದರಲ್ಲಿ ಅಬ್ರಹಾಂ ಲಿಂಕನ್ ಅವರ ಹೆಂಡತಿಯ ಪಾತ್ರ ಮಾಡಿದವರು. ಚಿಕ್ಕ ಥಿಯೇಟರಿನಲ್ಲಿ ಶುರುವಾಗಿ, ಜನ ಮುಗಿಬಿದ್ದು, ಬ್ರಾಡ್‌ವೇಗೆ ಬಂದ ನಾಟಕ ಅದು.

ಟೀವಿಯವರಿಗೆ ಬಂದ ಪ್ರಶಸ್ತಿಗಳನ್ನೂ ಬಿಡಿಸಿ ನೋಡಬೇಕು. ‘ಸಕ್ಸೆಶನ್’ ಧಾರಾವಾಹಿಯ ಮಕ್ಕಳ ಪಾತ್ರಧಾರಿಗಳಲ್ಲಿ ಮೂವರು ಬ್ರಾಡ್‌ವೇಗೆ ಬಂದರು. ಜೆರೆಮಿ ಸ್ಟ್ರಾಂಗ್ 2024ರಲ್ಲಿ ಇಬ್ಸನ್ ನಾಟಕಕ್ಕೆ ಟೋನಿ ಗೆದ್ದರು. ಸಾರಾ ಸ್ನೂಕ್ 2025ರಲ್ಲಿ ಗೆದ್ದರು, ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯಲ್ಲಿ ಒಬ್ಬರೇ 26 ಪಾತ್ರ ಮಾಡಿ. ಕೀರನ್ ಕಲ್ಕಿನ್ ಅದೇ ವರ್ಷ ಮಾರ್ಚ್‌ನಲ್ಲಿ ಆಸ್ಕರ್ ತಗೊಂಡು ಬಂದು ‘ಗ್ಲೆನ್‌ಗ್ಯಾರಿ ಗ್ಲೆನ್ ರಾಸ್’ ಆಡಿದರು. ಅವರಿಗೆ ನಾಮನಿರ್ದೇಶನ ಕೂಡ ಬರಲಿಲ್ಲ. ಮೂವರದ್ದೂ ಒಂದೇ ಧಾರಾವಾಹಿ, ಒಂದೇ ಥರದ ಹೆಸರು, ಫಲಿತಾಂಶ ಮಾತ್ರ ಬೇರೆ ಬೇರೆ. ಸ್ಟಾರ್ ಅನ್ನುವುದಕ್ಕೇ ಮತ ಬೀಳುವುದಾದರೆ ಹೀಗೆ ಆಗುತ್ತಿರಲಿಲ್ಲ.

ಸ್ಟಾರ್‌ಗಳು ಪ್ರಶಸ್ತಿ ಕದಿಯುವುದಿಲ್ಲ, ಸೀಟು ಕದಿಯುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ. ಅವರು ಹದಿನೈದು ಇಪ್ಪತ್ತು ವಾರಕ್ಕೆ ಬರುತ್ತಾರೆ, ಬಂಡವಾಳ ಬೇಗ ವಾಪಸ್ ಬರುತ್ತದೆ, ಹೋಗುತ್ತಾರೆ. ಹಣ ಹಾಕುವವರಿಗೆ ಇದಕ್ಕಿಂತ ಸುಲಭದ ವ್ಯಾಪಾರ ಇಲ್ಲ. 2024-25ರ ಸೀಸನ್‌ನಲ್ಲಿ ಬ್ರಾಡ್‌ವೇ ಒಟ್ಟು 189 ಕೋಟಿ ಡಾಲರ್ ಗಳಿಸಿತು. ಹಿಂದಿನ ದಾಖಲೆ ಕೋವಿಡ್‌ಗೆ ಮುಂಚಿನ 2018-19ರದ್ದು, 183 ಕೋಟಿ. ದುಡ್ಡು ಜಾಸ್ತಿ ಬಂತು, ಆದರೆ ಬಂದ ಜನ ಆಗಿನದಕ್ಕಿಂತ ಸ್ವಲ್ಪ ಕಡಿಮೆಯೇ. ಬೆಲೆಯೇರಿಕೆಯನ್ನೂ ಸೇರಿಸಿ ನೋಡಿದರೆ ಆ ದಾಖಲೆಗೆ ದೊಡ್ಡ ಅರ್ಥವೇನಿಲ್ಲ.

ಅದೇ ಹೊತ್ತಿಗೆ ಮ್ಯೂಸಿಕಲ್‌ಗಳು ಮುಳುಗುತ್ತಿವೆ. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಟ್ಟ ಲೆಕ್ಕದ ಪ್ರಕಾರ ಕೋವಿಡ್ ನಂತರ ಬ್ರಾಡ್‌ವೇಗೆ ಬಂದ 46 ಹೊಸ ಮ್ಯೂಸಿಕಲ್‌ಗಳಲ್ಲಿ ಅಲ್ಲಿಯವರೆಗೆ ಲಾಭ ಕಂಡಿದ್ದು ಮೂರೇ ಮೂರು. ‘ಸಿಕ್ಸ್’, ‘ಎಂಜೆ’ ಮತ್ತು ‘ಅಂಡ್ ಜೂಲಿಯೆಟ್’. ಗೊತ್ತಿರುವ ಹೆಸರು ಹಾಕಿದರೆ ಜನ ಬರುತ್ತಾರೆ ಎಂಬ ಸೂತ್ರವೂ ಕೈಕೊಟ್ಟಿದೆ. ‘ಸ್ಮ್ಯಾಶ್’ ನೋಡಿ. ಬ್ರಾಡ್‌ವೇ ಬಗ್ಗೆಯೇ 2012ರಲ್ಲಿ ಬಂದ ಟೀವಿ ಧಾರಾವಾಹಿ ಅದು. ನನ್ನಂಥವರು ಬೈಯುತ್ತಾ ಬೈಯುತ್ತಾ ಒಂದು ಕಂತೂ ಬಿಡದೆ ನೋಡಿದ್ದೆವು. ಅದನ್ನು 2025ರಲ್ಲಿ ಸುಮಾರು ಎರಡು ಕೋಟಿ ಡಾಲರ್ ಸುರಿದು ನಿಜವಾದ ಬ್ರಾಡ್‌ವೇ ಮ್ಯೂಸಿಕಲ್ ಮಾಡಿದರು. ಟೋನಿಯಲ್ಲಿ ಅತ್ಯುತ್ತಮ ಮ್ಯೂಸಿಕಲ್ ವಿಭಾಗಕ್ಕೂ ಬರಲಿಲ್ಲ. ಟೋನಿ ಮುಗಿದ ಎರಡೇ ವಾರಕ್ಕೆ ಬಾಗಿಲು ಹಾಕಿತು.

ಟೋನಿ ಮುಗಿದ ಮೇಲೆ ಬಾಗಿಲು ಹಾಕುವುದು ಪ್ರತಿ ವರ್ಷದ ಕಥೆ. ಸಮಾರಂಭದಲ್ಲಿ ಹಾಡಲು ಸಿಗುವ ಮೂರ್ನಾಲ್ಕು ನಿಮಿಷವೇ ಎಷ್ಟೋ ನಾಟಕಗಳಿಗೆ ಕೊನೆಯ ಜಾಹೀರಾತು. ಆ ಹಾಡಿನ ಖರ್ಚು ಆಯಾ ನಾಟಕದವರದೇ, ಲಕ್ಷಗಟ್ಟಲೆ ಡಾಲರ್. ಆ ಟೀವಿ ನಿಮಿಷಗಳ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ 2023 ನೆನಪಿಸಿಕೊಳ್ಳಿ. ಸಿನಿಮಾ, ಟೀವಿ ಬರಹಗಾರರ ಮುಷ್ಕರ ನಡೆಯುತ್ತಿತ್ತು. ಅವರು ಪ್ರತಿಭಟನೆಗೆ ನಿಂತರೆ ಟೋನಿ ಪ್ರಸಾರ ನಿಂತುಹೋಗುತ್ತಿತ್ತು. ಆಗ ನಾಟಕಕಾರರೇ ಹೋಗಿ ಬರಹಗಾರರ ಸಂಘದ ಮನವೊಲಿಸಿದರು. ಕೊನೆಗೆ ಬರೆದ ಮಾತು ಒಂದೂ ಇಲ್ಲದೆ ಸಮಾರಂಭ ನಡೆಸುವ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ನಿರೂಪಕಿ ಅರಿಯಾನ ಡಿಬೋಸ್ ಸ್ಕ್ರಿಪ್ಟ್ ತೆರೆದರೆ ಒಳಗೆ ಖಾಲಿ ಹಾಳೆ. ಮಾತೇ ಇಲ್ಲದ ಕುಣಿತದಿಂದ ಸಮಾರಂಭ ಶುರುವಾಯಿತು. ನನ್ನ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳ ಅತ್ಯುತ್ತಮ ಟೋನಿ ಸಮಾರಂಭ ಅದೇ. ಬರೆದುಕೊಟ್ಟ ಜೋಕುಗಳು ಇಲ್ಲದಿದ್ದರೆ ಎಷ್ಟು ಹಿತ!

ಟೀವಿಗೆ ಇಷ್ಟು ಕೈಯೊಡ್ಡಿ ನಿಂತ ಮೇಲೆ ಟೀವಿಯ ಮರ್ಜಿಯೂ ಒಳಗೆ ಬರುತ್ತದೆ. ರಂಗವಿನ್ಯಾಸ, ವಸ್ತ್ರ, ಬೆಳಕಿನ ಪ್ರಶಸ್ತಿಗಳು ಮುಖ್ಯ ಪ್ರಸಾರಕ್ಕೆ ಮುಂಚಿನ ಬೇರೆ ಕಾರ್ಯಕ್ರಮಕ್ಕೆ ತಳ್ಳಲ್ಪಟ್ಟಿವೆ. ಧ್ವನಿ ವಿನ್ಯಾಸದವರ ಪಾಡು ಇನ್ನೂ ಕೇಳಬೇಡಿ. 2008ರಲ್ಲಿ ಅವರಿಗೆ ಟೋನಿ ಕೊಡಲು ಶುರು ಮಾಡಿದರು, 2014ರಲ್ಲಿ ಕಿತ್ತುಕೊಂಡರು. ಇದನ್ನು ಹೇಗೆ ಅಳೆಯಬೇಕು ಎಂದು ಮತದಾರರಿಗೇ ತಿಳಿಯುವುದಿಲ್ಲ ಎಂಬುದು ಆಗ ಕೇಳಿಬಂದ ಕಾರಣ. ಗಲಾಟೆ ಆದ ಮೇಲೆ 2017-18ರ ಸೀಸನ್‌ನಿಂದ ಮತ್ತೆ ಕೊಟ್ಟರು.

ತಮಾಷೆ ಎಂದರೆ, ಕ್ಯಾಮೆರಾ ಈಗ ನಾಟಕದ ಒಳಗೇ ಬಂದು ಕೂತಿದೆ. ಸಾರಾ ಸ್ನೂಕ್ ಅವರ 26 ಪಾತ್ರಗಳಲ್ಲಿ ಎಷ್ಟೋ ಪಾತ್ರಗಳು ರಂಗದ ಮೇಲೆ ತೂಗುಹಾಕಿದ ಪರದೆಗಳಲ್ಲಿ ಬರುತ್ತಿದ್ದವು. ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ನಾಯಕ ಟಾಮ್ ಫ್ರಾನ್ಸಿಸ್ ಥಿಯೇಟರಿನಿಂದ ಹೊರಗೆ ಬಂದು, 44ನೇ ರಸ್ತೆಯಲ್ಲಿ ಜನರ ನಡುವೆ ನಡೆಯುತ್ತಾ ಹಾಡುತ್ತಿದ್ದರು. ಕ್ಯಾಮೆರಾ ಹಿಂದೆಯೇ ಹೋಗುತ್ತಿತ್ತು, ಒಳಗೆ ಕೂತವರು ಪರದೆಯಲ್ಲಿ ನೋಡುತ್ತಿದ್ದರು. ನೂರಾರು ಡಾಲರ್ ಕೊಟ್ಟು ಒಳಗೆ ಕೂತವರು ಪರದೆ ನೋಡುತ್ತಾರೆ. ರಸ್ತೆಯಲ್ಲಿ ಸುಮ್ನೆ ಹೋಗುತ್ತಿದ್ದವರಿಗೆ ನಟ ಎದುರಿಗೇ ಸಿಗುತ್ತಾರೆ, ಪುಕ್ಕಟೆ!

ಹಾಗಿದ್ದರೆ ಆ ಕ್ಯಾಮೆರಾವನ್ನು ಇನ್ನು ಸ್ವಲ್ಪ ಹಿಂದಕ್ಕೆ ಎಳೆದು ಇಡೀ ನಾಟಕವನ್ನೇ ಚಿತ್ರೀಕರಿಸಲು ಏನು ಕಷ್ಟ? ಚಿತ್ರೀಕರಣ ಆಗುತ್ತಲೂ ಇದೆ. ಲಿಂಕನ್ ಸೆಂಟರ್‌ನಲ್ಲಿರುವ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ರಂಗಕಲೆಗಳ ಶಾಖೆ 1970ರಿಂದ ನಾಟಕಗಳನ್ನು ದಾಖಲು ಮಾಡಿ ಇಡುತ್ತಿದೆ. ಸಾವಿರಾರು ನಾಟಕಗಳಿವೆ. ಆದರೆ ನೋಡಬೇಕಾದರೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು, ಅಧ್ಯಯನದ ಕಾರಣ ಹೇಳಬೇಕು, ಅಲ್ಲೇ ಕೂತು ನೋಡಬೇಕು. ‘ಸುಮ್ನೆ ಆಸೆಗೆ ನೋಡ್ತೀನಿ’ ಅನ್ನುವುದು ಕಾರಣವಾಗುವುದಿಲ್ಲ. ನಟರು, ತಂತ್ರಜ್ಞರು, ಸಂಗೀತಗಾರರ ಸಂಘಗಳು ಈ ಷರತ್ತಿನ ಮೇಲೆಯೇ ಚಿತ್ರೀಕರಣಕ್ಕೆ ಒಪ್ಪಿವೆ. ಅವರ ಮಾತಿನಲ್ಲೂ ನ್ಯಾಯ ಇದೆ. ಒಂದು ಸಲ ರೆಕಾರ್ಡ್ ಮಾಡಿ ಲಕ್ಷ ಸಲ ತೋರಿಸಿದರೆ ಪ್ರತಿದಿನ ದುಡಿಯುವವನ ಹೊಟ್ಟೆಗೆ ಏನು?

ಲಂಡನ್ನಿನವರು ಇದಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ಅಲ್ಲಿನ ನ್ಯಾಷನಲ್ ಥಿಯೇಟರ್ 2009ರಿಂದ ನಾಟಕಗಳನ್ನು ಚಿತ್ರಮಂದಿರಗಳಲ್ಲಿ ತೋರಿಸುತ್ತಿದೆ. ಬ್ರಾಡ್‌ವೇಯಲ್ಲಿ ಹಾಗೆ ಒಂದು ವ್ಯವಸ್ಥೆ ಇಲ್ಲ. ಪ್ರತಿ ಸಲವೂ ಹೊಸದಾಗಿ ಹಕ್ಕು, ಸಂಬಳ, ಒಪ್ಪಂದ. ದೊಡ್ಡ ದುಡ್ಡು ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ‘ಹ್ಯಾಮಿಲ್ಟನ್’ಗೆ ಹಾಗೆ ತೆರೆಯಿತು. 2016ರಲ್ಲಿ 11 ಟೋನಿ ಗೆದ್ದ ಮೂಲ ತಂಡವನ್ನೇ ಚಿತ್ರೀಕರಿಸಿಟ್ಟಿದ್ದರು. ಡಿಸ್ನಿ ಅದನ್ನು ಕೊಂಡು 2020ರ ಜುಲೈ 3ರಂದು ಒಟಿಟಿಗೆ ಬಿಟ್ಟಿತು. ನಮ್ಮಲ್ಲೂ ಹಾಟ್‌ಸ್ಟಾರ್‌ನಲ್ಲಿ ಬಂತು. ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ನೋಡಿದಾಗ ನನಗೆ ಮೊದಲು ಅನ್ನಿಸಿದ್ದು, ಓಹ್, ಇದಕ್ಕಾ ಅಷ್ಟು ಹೊಗಳುತ್ತಿದ್ದದ್ದು ಎಂದು. ಎರಡನೇ ಅಂಕದಲ್ಲಿ ಸ್ವಲ್ಪ ಎಳೆದಿದ್ದಾರೆ ಎಂದೂ ಅನ್ನಿಸಿತು. ಮೊದಲ ಸಲ ಒಂದು ಟೋನಿ ಬಗ್ಗೆ ನನ್ನದೇ ಅಭಿಪ್ರಾಯ ನನಗೆ ಸಿಕ್ಕಿತ್ತು. ಒಟಿಟಿಯಲ್ಲಿ ಬಂದದ್ದಕ್ಕೆ ಬ್ರಾಡ್‌ವೇಯ ‘ಹ್ಯಾಮಿಲ್ಟನ್’ ಮುಳುಗಲಿಲ್ಲ, ಇನ್ನೂ ನಡೆಯುತ್ತಿದೆ.

ಅದು ಬಂದಾಗ ಪ್ರಶಸ್ತಿಗಳ ಲೋಕ ತಲೆ ಕೆರೆದುಕೊಂಡದ್ದು ನೋಡಬೇಕಿತ್ತು. ಇದು ಸಿನಿಮಾನಾ, ಟೀವಿನಾ, ನಾಟಕನಾ? ಗೋಲ್ಡನ್ ಗ್ಲೋಬ್‌ನವರು ಸಿನಿಮಾ ಎಂದು ನಾಮನಿರ್ದೇಶನ ಮಾಡಿದರು. ಎಮ್ಮಿಯವರು ಟೀವಿಯ ವಿಶೇಷ ಕಾರ್ಯಕ್ರಮ ಎಂದು ಪ್ರಶಸ್ತಿ ಕೊಟ್ಟರು. ಆಸ್ಕರ್‌ನವರು ಚಿತ್ರೀಕರಿಸಿದ ನಾಟಕ ನಮ್ಮ ನಿಯಮಕ್ಕೆ ಬರುವುದಿಲ್ಲ ಎಂದರು. ಆದರೆ 1976ರಲ್ಲಿ ಜೇಮ್ಸ್ ವಿಟ್‌ಮೋರ್ ಅವರಿಗೆ ಅತ್ಯುತ್ತಮ ನಟ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಹೀಗೆ ಚಿತ್ರೀಕರಿಸಿದ ಏಕವ್ಯಕ್ತಿ ನಾಟಕಕ್ಕೇ!

ನನ್ನ ವಾದಕ್ಕೆ ಎದುರು ಮಾತೂ ಇದೆ, ಮುಚ್ಚಿಡುವುದಿಲ್ಲ. ‘ವಿಕೆಡ್’, ‘ಹ್ಯಾಮಿಲ್ಟನ್’ ಎರಡೂ ಮೊದಲೇ ಬೆಟ್ಟದಷ್ಟು ಗೆದ್ದವು. ಪರದೆ ಅವುಗಳಿಗೆ ಒಳ್ಳೆಯದು ಮಾಡಿತು ಅಂದ ಮಾತ್ರಕ್ಕೆ, ಪ್ರತಿ ವಾರ ಖರ್ಚು ಹುಟ್ಟಿದರೆ ಸಾಕಪ್ಪ ಎನ್ನುವ ಚಿಕ್ಕ ನಾಟಕಕ್ಕೂ ಒಳ್ಳೆಯದು ಮಾಡುತ್ತದೆ ಎನ್ನಲು ಬರುವುದಿಲ್ಲ. ಚೆನ್ನಾಗಿ ಚಿತ್ರೀಕರಿಸಲು ದುಡ್ಡು ಬೇಕು, ಕೆಟ್ಟದಾಗಿ ಚಿತ್ರೀಕರಿಸಿದ ನಾಟಕ ನೋಡುವುದಕ್ಕಿಂತ ನೋಡದಿರುವುದೇ ವಾಸಿ. ಆ ಜೂನ್ ಬೆಳಗ್ಗೆ ಕ್ಲೂನಿ ನಾಟಕ ನೋಡುವಾಗಲೂ ಅನ್ನಿಸಿತು. ಕ್ಯಾಮೆರಾ ಮುಖದ ಹತ್ತಿರ ಹೋದಾಗಲೆಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತ ನಟ ಏನು ಮಾಡುತ್ತಿದ್ದಾನೆ ಎಂದು ನೋಡುವ ನನ್ನ ಹಕ್ಕನ್ನು ಯಾರೋ ಕಿತ್ತುಕೊಂಡ ಹಾಗೆ. ರಂಗಮಂದಿರದಲ್ಲಿ ನನ್ನ ಕಣ್ಣಿಗೆ ನಾನೇ ಯಜಮಾನ.

ಆದರೂ ನಾನು ಕೇಳುವುದು ದೊಡ್ಡದೇನಲ್ಲ. ಅತ್ಯುತ್ತಮ ನಾಟಕ, ಅತ್ಯುತ್ತಮ ಮ್ಯೂಸಿಕಲ್ ವಿಭಾಗಕ್ಕೆ ಬಂದವುಗಳನ್ನಾದರೂ ಚಿತ್ರೀಕರಿಸಲಿ. ನಾಟಕ ನಿಂತು ಒಂದೆರಡು ವರ್ಷ ಆದ ಮೇಲೆ ತೋರಿಸಲಿ. ಬಂದ ದುಡ್ಡಲ್ಲಿ ತಂಡದ ಪ್ರತಿಯೊಬ್ಬರಿಗೂ ಪಾಲು ಹೋಗಲಿ. ಮುಚ್ಚಿಹೋದ ನಾಟಕದ ಟಿಕೆಟ್ ಮಾರಾಟಕ್ಕೆ ಧಕ್ಕೆ ಬರುವ ಪ್ರಶ್ನೆಯೇ ಇಲ್ಲವಲ್ಲ.

2025ರ ಡಿಸೆಂಬರ್‌ನಲ್ಲಿ ಇಂಥದ್ದೊಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂತು, ‘ಮೆರಿಲಿ ವಿ ರೋಲ್ ಅಲಾಂಗ್’. ಡೇನಿಯಲ್ ರಾಡ್‌ಕ್ಲಿಫ್ ಮತ್ತು ಜೊನಾಥನ್ ಗ್ರಾಫ್ ಇಬ್ಬರಿಗೂ 2024ರಲ್ಲಿ ಟೋನಿ ತಂದುಕೊಟ್ಟ ಪ್ರಯೋಗ ಅದು. ರಾಡ್‌ಕ್ಲಿಫ್ ಅಂದರೆ ನಮ್ಮ ಹ್ಯಾರಿ ಪಾಟರ್ ಹುಡುಗನೇ. ಸಿನಿಮಾದ ಮುಖ ರಂಗಕ್ಕೆ ಹೋಗಿ, ರಂಗದಿಂದ ಇಡೀ ನಾಟಕವನ್ನು ಜೊತೆಗೆ ಕಟ್ಟಿಕೊಂಡು ಪರದೆಗೆ ವಾಪಸ್ ಬಂದಿದೆ. ಇನ್ನು ಮೇಲೆ ಯಾರು ಬೇಕಾದರೂ ಆ ಟೋನಿಗಳ ಬಗ್ಗೆ ಜಗಳ ಆಡಬಹುದು. ಇದೇ ಮ್ಯೂಸಿಕಲ್ ಮೊದಲ ಸಲ ಬ್ರಾಡ್‌ವೇಗೆ ಬಂದದ್ದು 1981ರಲ್ಲಿ. ಶುರುವಾದ ಮೇಲೆ ಹದಿನಾರೇ ಶೋಗೆ ನಿಂತುಹೋಯಿತು. ಸಂಗೀತಕ್ಕೆ ಒಂದು ಟೋನಿ ನಾಮನಿರ್ದೇಶನ ಬಂತು, ಪ್ರಶಸ್ತಿ ಬರಲಿಲ್ಲ. ಆ ಹದಿನಾರು ಸಂಜೆ ರಂಗದ ಮೇಲೆ ಆ ತಂಡದ ಎಳೆಯ ಹುಡುಗ ಹುಡುಗಿಯರು ಹೇಗೆ ಆಡಿದರು ಎಂದು ಯಾರನ್ನು ಕೇಳಿದರೂ ಸಿಗುವುದು ಒಂದೇ ಉತ್ತರ. ಚೆನ್ನಾಗಿರಲಿಲ್ಲವಂತೆ.